ಅಳತೆ ಅಂಗಿ

ಸುಟ್ಟ ವಾಸನೆ ಬೀದಿಗೆ ಹೋಗಲಿ ಎಂದು ಜಂಬಕ್ಕ ಹೊಲಿಗೆ ಅಂಗಡಿಯ ಟೇಬಲ್ ಫ್ಯಾನಿನ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದಳು. ಗಾಳಿ ಬಾಗಿಲವರೆಗೆ ಹೋಗಿ, ಅಲ್ಲಿ ನೇತುಹಾಕಿದ್ದ ಶಾಲೆಯ ಯೂನಿಫಾರ್ಮುಗಳನ್ನು ಅಲ್ಲಾಡಿಸಿ, ವಾಸನೆಯನ್ನು ಮತ್ತೆ ಅವಳ ಹತ್ತಿರಕ್ಕೇ ತಂದುಬಿಟ್ಟಿತು. ಬೆಳಗಿನಿಂದ ಸುಟ್ಟ ಅಂಗಿಗಳೆಲ್ಲ ಖಾಕಿ. ಎಲ್ಲದರ ಬಲದೋಳೂ ಮೊಣಕೈಯಿಂದ ಕೆಳಗೆ ಕರಕಾಗಿತ್ತು. ಅವು ಸುಡಲೆಂದೇ ಸುಟ್ಟವು, ಗಿರಾಕಿಗಳೇ ಹೇಳಿ ಸುಡಿಸಿದವು. ಒಂದನ್ನು ಬಿಟ್ಟು. ಆ ಒಂದು ಈಗ ಅವಳ ತೊಡೆಯ ಮೇಲೆ, ಕಾಜಾ ಹಾಕಬೇಕಾದ ರವಿಕೆಯ ಕೆಳಗೆ ಮಡಚಿ ಕೂತಿತ್ತು. ಅದು ಹೊಸ ಅಂಗಿಯಲ್ಲ, ಅಳತೆ ಅಂಗಿ. ಯಾರೋ ತಮ್ಮ ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ‘ಇದರಂಗ ಹೊಲೀರಿ’ ಎಂದು ಕೊಟ್ಟು ಹೋದದ್ದು, ಹೊಲಿದಾದ ಮೇಲೆ ಇದ್ದ ಹಾಗೆಯೇ ಮರಳಿಸಬೇಕಾದದ್ದು. ಅದರ ತೋಳನ್ನೂ ಅವಳು ಸುಟ್ಟಿದ್ದಳು. ಸಂಜೆ ಅವರು ಬರುತ್ತಾರೆ.

ಅಳತೆ ಬಟ್ಟೆಗೆ ಹೆಸರಿನ ಚೀಟಿ ಚುಚ್ಚಿ ಒಳಗಿನ ಗೂಟಕ್ಕೆ ಹಾಕುವುದು ಅಂಗಡಿಯ ಪದ್ಧತಿ. ಇದಕ್ಕೆ ಚೀಟಿ ಇರಲಿಲ್ಲ. ಇದನ್ನು ತಂದು ಕೊಟ್ಟವನು ಹಂಪೇಶ್. ಎಲ್ಲ ಅಂಗಿಗಳೂ ಇದರ ಹಾಗೆಯೇ ಬೇಕು ಎಂದು ಹೇಳಿದ್ದರಿಂದ ಮಾಲೀಕ ಹುಲುಗಪ್ಪ ಮಾಮ ಇದನ್ನು ವಾರವೆಲ್ಲ ಕತ್ತರಿಸುವ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದರು. ಬೆಳಿಗ್ಗೆ ಅವರು ಗುಂಡಿ ತರಲು ಹರಪನಹಳ್ಳಿಯ ಬಸ್ಸು ಹತ್ತುವಾಗ ‘ಮೇಜಿನ ಮ್ಯಾಲಿನ ಗಂಟು ಎಲ್ಲಾ ಸುಟ್ಟಿಡವ’ ಎಂದು ಹೇಳಿ ಹೋಗಿದ್ದರು. ಗಂಟಿನಲ್ಲಿ ಇದೂ ಸೇರಿತ್ತು. ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಹಿಡಿದರೆ ಹೊಸ ಬಟ್ಟೆ ಕರಗಿ ಗಂಟುಗಂಟಾಗುತ್ತಿತ್ತು, ಪ್ಲಾಸ್ಟಿಕ್ಕಿನ ನಾತ ಬರುತ್ತಿತ್ತು. ಇದೊಂದು ಮಾತ್ರ ಒಣಗಿದ ಮುತ್ತುಗದ ಎಲೆಯ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಕಪ್ಪಾಗಿ, ನಡುವೆ ಬೆರಳು ತೂರುವಷ್ಟು ತೂತಾಗಿ, ಸಿನಿಮಾ ಪರದೆಯ ಮೇಲೆ ನೋಡಿದ ನಾಯಕನ ತೋಳಿನ ಹಾಗೆಯೇ ಆಯಿತು. ಎಷ್ಟು ಚೆನ್ನಾಗಿ ಬಂತು ಎಂದು ಅವಳು ಒಂದು ಗಳಿಗೆ ಹಿಗ್ಗಿದಳು ಕೂಡ. ಆಮೇಲೆ ಕೈ ತಾನಾಗಿ ಕಾಲರಿಗೆ ಹೋಯಿತು. ಕಾಲರ್ ಸವೆದಿತ್ತು. ಒಗೆದೊಗೆದು ಮೆತ್ತಗಾದ ಹತ್ತಿ. ಹೊಸ ಬಟ್ಟೆ ಹೀಗೆ ಸುಡುವುದಿಲ್ಲ ಎನ್ನುವುದು ಅವಳಿಗೆ ತಿಳಿಯದ್ದೇನಲ್ಲ.

ನೋಡಬೇಕಿತ್ತು. ಎಲ್ಲರಿಗಿಂತ ಮೊದಲು ನೋಡುವುದೊಂದೇ ಅವಳಿಗೆ ಬರುತ್ತಿದ್ದ ವಿದ್ಯೆ. ಬಸ್ಸಿನಲ್ಲಿ ಯಾರ ಚಪ್ಪಲಿಯ ಉಂಗುಷ್ಠ ಕಿತ್ತಿದೆ, ಯಾರು ಅತ್ತು ಮುಖ ತೊಳೆದುಕೊಂಡು ಬಂದಿದ್ದಾರೆ, ಯಾವ ಹೆಂಗಸು ರವಿಕೆಯ ಅಳತೆ ಕೊಡುವಾಗ ಉಸಿರು ಹಿಡಿಯುತ್ತಾಳೆ, ಎಲ್ಲ ಅವಳಿಗೆ ಕಾಣುತ್ತಿತ್ತು. ಆದರೆ ಇವತ್ತು ಬೆಳಿಗ್ಗೆ ಅವಳು ಅಂಗಡಿಯಲ್ಲಿ ಇರಲಿಲ್ಲ. ಇಸ್ತ್ರಿಯ ಹಿಡಿಕೆ ಕೈಯಲ್ಲಿತ್ತು, ತಲೆಯೊಳಗೆ ವಾಕ್ಯವೊಂದು ಹೊರಳುತ್ತಿತ್ತು. ರಾತ್ರಿ ‘ಸಿಡಿಲಾಳು’ ಸಿನಿಮಾದ ಮೂರನೇ ಭಾಗದ ಟೀಸರ್ ಬಂದಿತ್ತು. ಫೋನಿನಲ್ಲಿ, ಅಭಿಮಾನಿ ಬಳಗದಲ್ಲಿ ಆಗಲೇ ಜಗಳ ಹೊತ್ತಿಕೊಂಡಿತ್ತು. ಎಲ್ಲರೂ ಒಂದೇ ಮಾತು ಕೇಳುತ್ತಿದ್ದರು: ಹೊನ್ನೂರಸ್ವಾಮಿ ಅಣ್ಣ ಏನಂತಾನ? ಏನನ್ನಬೇಕು ಎಂದು ಅವಳು ಯೋಚಿಸುತ್ತಿದ್ದಳು, ಏಕೆಂದರೆ ಹೊನ್ನೂರಸ್ವಾಮಿ ಅವಳೇ.

ಹೊನ್ನೂರಸ್ವಾಮಿ ಅವಳ ಅಣ್ಣ. ಲಾರಿ ಓಡಿಸುತ್ತಾನೆ. ಹೊಸ ಫೋನು ಹೊಸ ನಂಬರು ತೆಗೆದುಕೊಂಡಾಗ ಹಳೆಯದನ್ನು ನಂಬರಿನ ಸಮೇತ ಇವಳಿಗೆ ಕೊಟ್ಟ. ಅದರೊಳಗೆ ಅವನ ಹೆಸರಿತ್ತು, ಬೈಕಿನ ಮೇಲೆ ಕೂತ ಅವನ ಫೋಟೊ ಇತ್ತು, ‘ಸಿಡಿಲಾಳು ಬಳಗ, ಐದು ತಾಲೂಕು’ ಎನ್ನುವ ಗುಂಪಿತ್ತು. ಕೂಡ್ಲಿಗಿಯಿಂದ ಹಡಗಲಿಯವರೆಗಿನ ಹುಡುಗರೆಲ್ಲ ಅದರಲ್ಲಿದ್ದರು. ಅಣ್ಣ ಅದರಲ್ಲಿ ಒಂದು ಮಾತೂ ಬರೆದವನಲ್ಲ. ಇವಳು ಬಹಳ ದಿನ ಸುಮ್ಮನೆ ಓದಿದಳು. ಆಮೇಲೆ ಒಂದು ದಿನ, ಎರಡನೇ ಭಾಗ ನೋಡಿ ಬಂದು, ಬರೆದುಬಿಟ್ಟಳು. ಮೊದಲ ಭಾಗದಲ್ಲಿ ಸಿಡಿಲಾಳು ಒಬ್ಬ ಲೈನ್‌ಮ್ಯಾನ್. ಸಿಡಿಲು ಬಡಿದು ಮೈಯಲ್ಲಿ ಕರೆಂಟು ಸೇರಿಕೊಂಡವನು. ಆದರೂ ಕಂಬ ಹತ್ತುವ ಮೊದಲು ಅಂಗೈಯ ಹಿಂಬದಿಯಿಂದ ಕಂಬವನ್ನು ಮುಟ್ಟಿ ನೋಡುತ್ತಾನೆ, ಹೆದರುತ್ತಾನೆ, ಒಮ್ಮೆ ಬೀಳುತ್ತಾನೆ, ಸುಟ್ಟ ತೋಳಿನ ಖಾಕಿಯನ್ನು ಕೊನೆಯವರೆಗೂ ಬದಲಿಸುವುದಿಲ್ಲ. ಎರಡನೇ ಭಾಗದಲ್ಲಿ ಅವನಿಗೆ ಹೊಳೆಯುವ ಬಟ್ಟೆ ತೊಡಿಸಿ ಹಾರಿಸಿದರು. ‘ಬೀಳಲಾರದವನು ಹತ್ತಿದ್ದು ಹತ್ತಿದ್ದೇ ಅಲ್ಲ’ ಎಂದು ಅವಳು ಬರೆದಳು. ‘ಆ ಸುಟ್ಟ ತೋಳೇ ಸಿಡಿಲಾಳು, ಉಳಿದದ್ದು ಬರೀ ಬಟ್ಟೆ.’ ಒಂದು ಗಂಟೆಯೊಳಗೆ ಅದು ಎಲ್ಲರ ಸ್ಟೇಟಸ್ಸಿನಲ್ಲಿತ್ತು. ಎಂಟನೇ ತರಗತಿಯಲ್ಲಿ ಪಾಠ ಓದಲು ನಿಲ್ಲಿಸಿದಾಗ ಅವಳ ಬಾಯಿಂದ ಗಾಳಿ ಮಾತ್ರ ಹೊರಟಿತ್ತು. ಮೇಷ್ಟ್ರು ‘ನಿನ್ನ ಧ್ವನಿ ಕುರಿ ಕಾಯಾಕ ಹೋಗೈತೇನು?’ ಎಂದಿದ್ದರು, ಇಡೀ ತರಗತಿ ‘ಬ್ಯಾ’ ಎಂದಿತ್ತು. ಮುಂದಿನ ವರ್ಷ ಅವಳು ಶಾಲೆಗೆ ಹೋಗಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ. ಈಗ ಐದು ತಾಲೂಕಿನ ಗಂಡು ಹುಡುಗರು ಅವಳು ಹೇಳಿದ್ದನ್ನು ಎದೆಯ ಮೇಲೆ ಬರೆಸಿಕೊಳ್ಳುವ ಮಾತಾಡುತ್ತಿದ್ದರು. ಆ ವಾಕ್ಯವೇ ಬೆಳೆದು, ಮೂರನೇ ಭಾಗ ಬಿಡುಗಡೆಯಾಗುವ ದಿನ ಎಲ್ಲರೂ ಸುಟ್ಟ ತೋಳಿನ ಖಾಕಿ ತೊಟ್ಟು ಹೋಗಬೇಕು ಎನ್ನುವ ತೀರ್ಮಾನವಾಗಿ, ಆ ತೀರ್ಮಾನ ಬಟ್ಟೆಯ ಥಾನಾಗಿ ಒಂದು ಮಧ್ಯಾಹ್ನ ಕೊಟ್ಟೂರಿನ ಉಜ್ಜಿನಿ ರಸ್ತೆಯ ಈ ಅಂಗಡಿಗೇ ಬಂದು ಬಿದ್ದಾಗ, ಅವಳು ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

ಬೀಳುವುದರ ಮೇಲೆ ಅವಳಿಗೆ ಯಾಕೆ ಅಷ್ಟು ಪ್ರೀತಿ? ಅಜ್ಜ ದೊಡ್ಡಬೀರಪ್ಪ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಕೇಳಿ ಬಂದ ರಾತ್ರಿ ಅದನ್ನು ಮನೆಯಲ್ಲಿ ಆಡಿ ತೋರಿಸುತ್ತಿದ್ದ. ಜೋಳದ ಚೀಲದ ಮೇಲೆ ಹತ್ತಿ, ಇದೇ ಬಿಲ್ಲು ಅಂತ ತಿಳ್ಕರಿ ಎಂದು, ಕೈ ನಡುಗಿಸಿ, ‘ಸದ್ದಲೇ!’ ಎಂದು ಕೂಗಿ, ಮನೆಯೆಲ್ಲ ಸುಮ್ಮನಾದ ಮೇಲೆ ಗೊರವಯ್ಯ ನುಡಿದ ಒಂದೇ ಸಾಲನ್ನು ನುಡಿದು, ಹಿಂದಕ್ಕೆ ಬೀಳುತ್ತಿದ್ದ. ಅವಳೂ ಅಣ್ಣನೂ ಕಂಬಳಿ ಹಿಡಿದು ನಿಂತಿರುತ್ತಿದ್ದರು. ಹಿಡಿಯುವವರು ಇದ್ದರೇನೇ ನುಡಿ ಬರುವುದು ಎಂದು ಅಜ್ಜ ಹೇಳುತ್ತಿದ್ದ. ಅವನ ತೂಕ ಕಂಬಳಿಗೆ ಬಿದ್ದಾಗ ಅವಳ ರಟ್ಟೆ ಕಿತ್ತು ಬರುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಸಿನಿಮಾದಲ್ಲಿ ಲೈನ್‌ಮ್ಯಾನ್ ಕಂಬದಿಂದ ಬಿದ್ದಾಗ ಅವಳ ರಟ್ಟೆ ಅದೇ ರೀತಿ ನೊಂದಿತ್ತು. ಇದನ್ನೆಲ್ಲ ಗುಂಪಿನಲ್ಲಿ ಬರೆಯಲಿಕ್ಕಾಗುವುದಿಲ್ಲ. ಅಲ್ಲಿ ಬರೆಯುವುದಕ್ಕೆ ಚೂಪು ಬೇಕು. ಚೂಪು ಅವಳಿಗೆ ಬರುತ್ತಿತ್ತು, ಬಾಯಲ್ಲಲ್ಲ, ಬೆರಳಲ್ಲಿ. ಪ್ರವೀಣಕುಮಾರ್ ಎನ್ನುವವನೊಬ್ಬ, ಎಂದೂ ಹೆಚ್ಚು ಮಾತಾಡದವನು, ಒಂದು ದಿನ ‘ಅವನು ಹಾರಿದರೆ ತಪ್ಪೇನು? ಒಬ್ಬನಾದರೂ ಬೀಳದೆ ಇರಲಿ ಬಿಡಿ’ ಎಂದು ಬರೆದಾಗ ಅವಳು ತಡ ಮಾಡಲಿಲ್ಲ. ‘ಬೀಳದವರೆಲ್ಲ ದೇವರಾಗಿ ಗೋಡೆ ಮೇಲಿನ ಫೋಟೊದಲ್ಲಿರುತ್ತಾರೆ. ಪ್ರವೀಣ್ ಸಾರ್ ಮನೆಯಲ್ಲಿ ಫೋಟೊ ಕಡಿಮೆ ಬಿದ್ದಿರಬೇಕು, ಅದಕ್ಕೆ ಥಿಯೇಟರಿಗೆ ಬರುತ್ತಾರೆ ಕೈ ಮುಗಿಯಲು.’ ನಗುವ ಮುಖಗಳು ಸಾಲುಗಟ್ಟಿ ಬಂದವು. ಅವನು ಅದಾದ ಮೇಲೆ ಒಂದು ಅಕ್ಷರ ಬರೆಯಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನಂತೆ ಆ ಮೌನ ಅವಳಿಗೆ ಆಗಾಗ ತಾಕುತ್ತಿತ್ತು. ಇರಲಿ, ಚರ್ಚೆ ಅಂದರೆ ಚರ್ಚೆ, ಗಂಡಸರು ಹೀಗೇ ಬರೆಯುತ್ತಾರೆ ಎಂದು ನಾಲಿಗೆ ತಿರುಗಿಸಿಕೊಳ್ಳುತ್ತಿದ್ದಳು.

ಅಂಗಿಯ ಎಡ ಜೇಬಿನ ಪಕ್ಕದಲ್ಲಿ ಪೆನ್ನಿಗಿಂತ ತುಸು ಅಗಲದ, ಉದ್ದನೆಯ ಇನ್ನೊಂದು ಜೇಬಿತ್ತು. ಹೊಸ ಅಂಗಿಗಳಿಗೆಲ್ಲ ಅವಳೇ ಅದನ್ನು ಹೊಲಿದಿದ್ದಳು, ಯಾತಕ್ಕೆಂದು ಕೇಳದೆ. ಈಗ ಬೆರಳು ಹಾಕಿ ನೋಡಿದಳು. ತಳದಲ್ಲಿ ಬಟ್ಟೆ ಗಟ್ಟಿಯಾಗಿ ಎಣ್ಣೆ ಹಿಡಿದಿತ್ತು. ಟೆಸ್ಟರ್ ಇಟ್ಟೂ ಇಟ್ಟೂ ಆದದ್ದು. ಇದು ವೇಷದ ಅಂಗಿಯಲ್ಲ, ಯಾರೋ ನಿಜವಾಗಿಯೂ ಕಂಬ ಹತ್ತಿದ ಅಂಗಿ ಎನ್ನುವುದು ಹೊಳೆದು, ಬೆರಳನ್ನು ಬಿಸಿ ತಾಕಿದಂತೆ ಎಳೆದುಕೊಂಡಳು. ರಫು ಹಾಕಬಹುದೇ? ಮೊಣಕೈಯಿಂದ ಕತ್ತರಿಸಿ ಅರ್ಧ ತೋಳು ಮಾಡಿ, ಹೀಗೇ ಇತ್ತಲ್ಲ ಎನ್ನಬಹುದೇ? ಬಸ್ಸು ಹತ್ತಿ ಊರಿಗೆ ಹೋಗಿ ಜ್ವರ ಎಂದು ಮಲಗಬಹುದೇ? ಅಷ್ಟರಲ್ಲಿ ಹುಲುಗಪ್ಪ ಮಾಮ ಬಂದು, ಗುಂಡಿಯ ಪೊಟ್ಟಣವನ್ನು ಮೇಜಿನ ಮೇಲೆ ಒಗೆದು, ಮೂಗೇರಿಸಿ, ‘ಅಂಗಡಿ ಅಂಬೋದು ಸುಡುಗಾಡ ಆಗೈತಿ ನೋಡವ’ ಎಂದು ನಕ್ಕು, ಮಿಷಿನ್ನಿಗೆ ಕೂತರು. ಈಗ ಹೇಳಬೇಕು, ಈಗ, ಎಂದುಕೊಂಡಳು. ಮಿಷಿನ್ನಿನ ಸದ್ದು ನಿಂತಾಗೊಮ್ಮೆ ಬಾಯಿ ತೆರೆದಳು. ಪ್ರತಿ ಸಲವೂ ಅದು ಮತ್ತೆ ಶುರುವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮೂವರು ಬಂದರು. ಹಂಪೇಶನನ್ನು ಅವಳು ಕಂಡಿದ್ದಳು, ಫ್ಲೆಕ್ಸ್ ಅಂಗಡಿಯವನು, ಗುಂಪಿನ ಅಡ್ಮಿನ್. ಕೈಯಲ್ಲಿ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ ಹಿಡಿದಿದ್ದ ದಪ್ಪಗಿನವನು ಗೊಬ್ಬರದಂಗಡಿಯ ಅರುಣಕುಮಾರ್ ಎಂದು ಮಾತಿನಿಂದ ತಿಳಿಯಿತು. ಮೂರನೆಯವನು ಒಳಗೆ ಬರದೆ ಬಾಗಿಲಲ್ಲೇ, ಯೂನಿಫಾರ್ಮುಗಳ ಪಕ್ಕ ನಿಂತ. ತೆಳ್ಳಗೆ, ಭುಜ ಮಾತ್ರ ಅಗಲ. ಆ ಭುಜವನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲಿ ಎಂದು ನೆನಪಾಗುವ ಮೊದಲೇ ತೊಡೆಯ ಮೇಲಿನ ಅಂಗಿ ಭಾರವಾಯಿತು.

‘ಟೀಸರ್ ನೋಡಿದ್ರೇನ್ ಮಾಮ?’ ಹಂಪೇಶ ಬೆಂಚಿನ ಮೇಲೆ ಕಾಲು ಮಡಚಿ ಕೂತ. ‘ಹಾಳ್ ಮಾಡ್ಯಾರ. ನಮ್ಮ ಲೈನ್‌ಮ್ಯಾನ್‌ನ ಒಯ್ದು ಮ್ವಾಡದ ಮ್ಯಾಲೆ ಕುಂದ್ರಿಸ್ಯಾರ. ಬಿಳೇ ಬಟ್ಟಿ, ಬಂಗಾರದ ಪಟ್ಟಿ. ಕಂಬ ಇಲ್ಲ, ವೈರ್ ಇಲ್ಲ, ಏನಿಲ್ಲ.’

‘ನಾ ನೋಡಿಲ್ಲಪ. ಹೊಲೀ ಅಂದ್ರ ಹೊಲೀತೀನಿ, ಸುಡು ಅಂದ್ರ ಸುಡ್ತೀನಿ. ಹೊಲ್ದಿದ್ದನ್ನ ಸುಡ್ರಿ ಅಂದ ಗಿರಾಕಿ ನೀವ ಮೊದಲು.’

‘ಏನ್ ಹಾಳ್ ಮಾಡ್ಯಾರಲೇ?’ ಅರುಣಕುಮಾರ್ ಮೆಣಸಿನಕಾಯಿ ಕಚ್ಚಿ ಉಸ್ ಎಂದ. ‘ಎಷ್ಟ್ ದಿನ ಕಂಬ ಹತ್ತಬೇಕವ? ಪ್ರಮೋಷನ್ ಬ್ಯಾಡೇನು? ಊರಾಗಿನ ಲೈನ್‌ಮ್ಯಾನ್ ಮೇಸ್ತ್ರಿ ಆಗ್ತಾನ, ಸಿನಿಮಾದವ ದೇವ್ರಾಗ್ಯಾನ. ಅದರಾಗೇನೈತಿ?’

‘ನಿಂಗೇನ್ ತಿಳೀತೈತಲೇ, ಯೂರಿಯಾ ಮಾರಾವ. ಹೊನ್ನೂರಸ್ವಾಮಿ ಅಣ್ಣ ಏನ್ ಬರದಾನ ಕೇಳಿಲ್ಲಿ.’ ಹಂಪೇಶ ಫೋನು ತೆಗೆದು, ಸಭೆಯಲ್ಲಿ ಓದುವವನಂತೆ ಗಂಟಲು ಸರಿಮಾಡಿಕೊಂಡ. ‘ಬೀಳಲಾರದವನು ಹತ್ತಿದ್ದು, ಹತ್ತಿದ್ದೇ ಅಲ್ಲ!’

ತನ್ನ ವಾಕ್ಯ ಗಂಡು ಧ್ವನಿಯಲ್ಲಿ ಅಂಗಡಿಯ ತುಂಬ ತಿರುಗಿ ಬಂದದ್ದನ್ನು ಜಂಬಕ್ಕ ಕೇಳಿದಳು. ಬರೆದಾಗ ಅದರೊಳಗೆ ಅಜ್ಜನಿದ್ದ, ಕಂಬಳಿ ಇತ್ತು. ಹಂಪೇಶನ ಬಾಯಲ್ಲಿ ಅದು ಸೋಡಾ ಬಾಟಲಿಯ ಗೋಲಿಯ ಹಾಗೆ ಟಕ್ಕೆಂದಿತು, ಅಷ್ಟೆ. ಬಾಗಿಲಲ್ಲಿದ್ದವನು ಬೀದಿಯ ಕಡೆಗೆ ಮುಖ ತಿರುಗಿಸಿದ.

‘ಲಾರಿ ಡ್ರೈವರ್ ಆದ್ರೂ ಏನ್ ಬರೀತಾನಲೇ!’ ಎಂದ ಅರುಣಕುಮಾರ್, ಹುಡುಗಿಯೊಬ್ಬಳು ಇದ್ದಾಳೆ ಎನ್ನುವುದು ಆಗ ಕಂಡವನಂತೆ, ‘ಏನವ್ವ, ನೀ ನೋಡಿಯೇನು ಸಿಡಿಲಾಳು? ನೀನ ಹೇಳು, ಹಾರಬೇಕೋ ಬೀಳಬೇಕೋ?’ ಎಂದ.

‘ಅಕಿನ್ನೇನ್ ಕೇಳ್ತಿ ಬಿಡಲೇ. ಅಕಿ ಮಾತಾಡಿದ್ದ ಈ ಓಣಿ ಕೇಳಿಲ್ಲ,’ ಎಂದ ಹಂಪೇಶ. ಅವಳು ಇಲ್ಲ ಎಂದು ತಲೆಯಾಡಿಸಿದಳು. ನೋಡಿಲ್ಲ. ಎಷ್ಟು ಸಲೀಸಾಗಿ ಆ ಸುಳ್ಳು ಕುತ್ತಿಗೆಯಿಂದ ಹೊರಟಿತು! ಸೂಜಿ ಅದೇ ಕಾಜಾದ ಸುತ್ತ ಮತ್ತೆ ತಿರುಗಿತು.

‘ಹಂಪೇಶ,’ ಬಾಗಿಲಲ್ಲಿದ್ದವನು ಮೊದಲ ಸಲ ಮಾತಾಡಿದ, ‘ಅಳತಿ ಅಂಗಿ ಇಸ್ಕೊಡು, ಹೋಗ್ತೀನಿ. ಅವ್ವಗ ಹೇಳ್ದ ತಂದೀನಿ.’

‘ನಿಂದೇನಪ ಅದು?’ ಹುಲುಗಪ್ಪ ಮಾಮ ಕನ್ನಡಕ ಏರಿಸಿದರು. ‘ಬೆಸ್ಟ್ ಹೊಲಿಗಿ. ಈಗ ಅಂಥ ಖಾಕಿ ಎಲ್ಲಿ ಬರ್ತೈತಿ.’

‘ಅಪ್ಪಂದ್ರಿ.’

‘ಇವರಪ್ಪ ಅಸಲಿ ಲೈನ್‌ಮ್ಯಾನ್ ಇದ್ರು ಮಾಮ,’ ಅರುಣಕುಮಾರ್ ಧ್ವನಿ ಇಳಿಸಿದ, ಇಳಿಸಿದರೂ ಎಲ್ಲರಿಗೂ ಕೇಳುವಂತೆ. ‘ಇಟ್ಟಿಗಿ ಕಡೆ, ಗಾಳಿ ಮಳಿ ದಿನ, ಕಂಬದ ಮ್ಯಾಲಿಂದ ಜಾರಿದ್ರು. ಬಾಳ ದಿನ ಆತು. ನಮ್ಮ ಪ್ರವೀಣ ಆಗ ಹೈಸ್ಕೂಲು.’

ಪ್ರವೀಣ. ಆ ಹೆಸರು ಅಂಗಡಿಯೊಳಗೆ ಬಂದು ಅವಳ ಪಕ್ಕದಲ್ಲಿ ಕೂತಿತು. ‘ಮೈಮ್ಯಾಗಿಂದು ದವಾಖಾನ್ಯಾಗ ಕತ್ತರಿಸಿ ತಗದ್ರು,’ ಅವನು ಯಾರಿಗೂ ಅಲ್ಲ ಎನ್ನುವಂತೆ ಹೇಳುತ್ತಿದ್ದ. ‘ಇದು ಆವತ್ತು ಒಗ್ಯಾಕ ಹಾಕಿದ್ದಿತ್ತು. ಅದಕ್ಕ ಉಳದೈತಿ. ಖಾಕಿ ಹೊಲಿಸೋದ ಆದ್ರ ಸರಿ ಇರಲಿ ಅಂತ ಕೊಟ್ಟೆ, ಟೆಸ್ಟರ್ ಕಿಸೆ ಎಲ್ಲಾ. ನಂಗೂ ಈಗ ಅದ ಸರಿ ಕೂಡ್ತೈತಿ.’ ಒಬ್ಬನಾದರೂ ಬೀಳದೆ ಇರಲಿ ಬಿಡಿ. ಆ ಸಾಲು ಬಂದ ರಾತ್ರಿ ಅವಳು ನಗುತ್ತಿದ್ದಳು, ಚಾದರದೊಳಗೆ, ಫೋನಿನ ಬೆಳಕಿನಲ್ಲಿ, ಎಷ್ಟು ಬೇಗ ಉತ್ತರ ಹೊಳೆಯಿತು ಎಂದು. ಫೋಟೊ ಕಡಿಮೆ ಬಿದ್ದಿರಬೇಕು. ಆ ಕಂಬದ ಕೆಳಗೆ ಕಂಬಳಿ ಹಿಡಿದವರು ಯಾರೂ ಇರಲಿಲ್ಲ. ಬೀಳುವುದು ಚಂದ ಎಂದವಳು ಹಿಡಿಯುವವರಿದ್ದ ಮನೆಯಲ್ಲಿ ಬೆಳೆದವಳು.

‘ಎಲ್ಲಿಟ್ಟೀಯವ ಅದನ್ನ?’ ಹುಲುಗಪ್ಪ ಮಾಮ ಗೂಟ ನೋಡಿದರು, ಮೇಜಿನ ಕೆಳಗೆ ನೋಡಿದರು. ‘ಇಲ್ಲೇ ಇತ್ತಲ್ಲ.’ ಅವಳು ಏಳಲೆಂದು ಅಲುಗಿದಳು. ರವಿಕೆ ಜಾರಿ ನೆಲಕ್ಕೆ ಬಿತ್ತು. ತೊಡೆಯ ಮೇಲೆ ಖಾಕಿ ಕಂಡಿತು. ಹಂಪೇಶ ಬಗ್ಗಿ ಎತ್ತಿಕೊಂಡು ಒಮ್ಮೆ ಝಾಡಿಸಿದ, ತೋಳು ಬಿಚ್ಚಿಕೊಂಡಿತು.

‘ಅಬ್ಬಾ!’ ಹೊಸದರಲ್ಲೊಂದು ಎಂದುಕೊಂಡು ಅವನ ಮುಖ ಅರಳಿತು. ‘ಇದು ನೋಡ್ರಿ! ಇದು ಸುಟ್ಟಿದ್ದು ಅಂದ್ರ! ಉಳಿದಾವೆಲ್ಲ ಬರೇ ಕರಕು, ಇದು ಥೇಟ್ ಪಿಚ್ಚರ್‌ನಾಗಿಂದ ಇಳಸಿದಂಗೈತಿ. ಅರುಣ, ಹಿಡೀಲೇ, ಫೋಟೊ ತಗೀತೀನಿ. ಅಣ್ಣಗ ಕಳಿಸಿದ್ರ ಹುಚ್ಚಾಗ್ತಾನ.’ ಅರುಣಕುಮಾರ್ ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಂಗಿಯನ್ನು ಬೆಳಕಿಗೆ ಹಿಡಿದ. ತೂತಿನಿಂದ ಸಂಜೆಯ ಬಿಸಿಲು ತೂರಿ ಗೋಡೆಯ ಮೇಲೆ ಸಣ್ಣಗೆ ಬಿತ್ತು. ಹುಲುಗಪ್ಪ ಮಾಮ ಮಾತ್ರ ಕಾಲರನ್ನು ನೋಡಿದರು, ಎಣ್ಣೆ ಹಿಡಿದ ಕಿಸೆಯನ್ನು ನೋಡಿದರು, ಆಮೇಲೆ ಜಂಬಕ್ಕನನ್ನು. ಪ್ರವೀಣ ಬಾಗಿಲು ಬಿಟ್ಟು ಒಳಗೆ ಬಂದಿದ್ದ. ಬೇರೆಯವರ ಮನೆಯ ವಸ್ತು ಮುಟ್ಟುವವನಂತೆ, ಅಂಗೈಯ ಹಿಂಬದಿಯಿಂದ, ಆ ತೋಳನ್ನು ಮುಟ್ಟಿ ನೋಡಿದ.

ಹಂಪೇಶ ಫೋಟೊ ತೆಗೆದು ಹೊನ್ನೂರಸ್ವಾಮಿಗೆ ಕಳಿಸಿದ. ಮಿಷಿನ್ನಿನ ಹಲಗೆಯ ಮೇಲೆ, ಬಟ್ಟೆ ಚೂರುಗಳ ಅಡಿಯಲ್ಲಿ, ಅವಳ ಫೋನು ಟಣ್ ಎಂದಿತು. ಯಾರೂ ಗಮನಿಸಲಿಲ್ಲ. ‘ಅಣ್ಣ ಇನ್ನಾ ನೋಡಿಲ್ಲ, ನೀಲಿ ಗೀಟು ಬೀಳವಲ್ದು,’ ಎಂದ ಹಂಪೇಶ. ‘ಇವತ್ತು ತೀರ್ಮಾನ ಆಗ್ಲೇಬೇಕು, ಇವನ್ನ ಹಾಕ್ಕೊಂಡು ಹೋಗಾದೋ ಬಿಡಾದೋ. ಲಾರಿ ಮ್ಯಾಲಿದ್ರೂ ಎತ್ತಲಿ, ಫೋನ ಹಚ್ಚತೀನಿ.’ ಹಚ್ಚಿದ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಅಂಗೈ ಮೇಲೆ ಇಟ್ಟುಕೊಂಡ. ಹಲಗೆಯ ಮೇಲೆ ಫೋನು ನಡುಗತೊಡಗಿತು. ಅದರ ನಡುಕಕ್ಕೆ ಪಕ್ಕದ ಕತ್ತರಿ ಗಡಗಡ ಎಂದಿತು, ಡಬ್ಬಿಯೊಳಗಿನ ಗುಂಡಿಗಳೆಲ್ಲ ಒಂದಕ್ಕೊಂದು ತಾಕಿದವು. ಅಲ್ಲಿ ಗಂಟೆ, ಇಲ್ಲಿ ನಡುಕ. ಅಲ್ಲಿ ನಿಂತರೆ ಇಲ್ಲಿ ನಿಲ್ಲುತ್ತಿತ್ತು. ಅರುಣಕುಮಾರ್ ಅತ್ತಿತ್ತ ನೋಡಿದ. ಅವಳು ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ಅದು ತಾನೇ ನಿಂತುಹೋಗುತ್ತಿತ್ತು, ಅಣ್ಣ ಎತ್ತಲಿಲ್ಲ ಎಂದು ಹಂಪೇಶ ಬಯ್ದು, ಹುಲುಗಪ್ಪ ಮಾಮ ಯಾವುದೋ ಸಬೂಬು ಹೇಳಿ, ಸಂಜೆ ಕಳೆಯುತ್ತಿತ್ತು. ಅಜ್ಜ ಚೀಲದ ಮೇಲೆ ನಿಂತು ಕೈ ನಡುಗಿಸುತ್ತಿದ್ದ. ಸದ್ದಲೇ. ಆಗ ಮನೆಯೊಳಗಿನ ಮೌನ ಎಷ್ಟು ದೊಡ್ಡದಾಗಿರುತ್ತಿತ್ತು, ದೀಪದ ಬತ್ತಿ ಚುರುಗುಟ್ಟುವುದು ಸಹ ಕೇಳುತ್ತಿತ್ತು.

ಅವಳ ಕೈ ಚೂರುಗಳೊಳಗೆ ಹೋಯಿತು. ಕರೆ ಎತ್ತಿ ಫೋನನ್ನು ಕಿವಿಗೆ ಹಿಡಿದಳು.

‘ಅದು ಅಳತಿ ಅಂಗ್ಯಂತ ನೋಡಲಿಲ್ರಿ,’ ಎಂದಳು. ‘ಸುಟ್ಟಾಕಿ ನಾನು.’

ಅವಳ ಮಾತು ಮುಗಿದ ಮೇಲೆ ಹಂಪೇಶನ ಅಂಗೈಯಿಂದ ಅದೇ ಮಾತು ಇನ್ನೊಮ್ಮೆ ಬಂತು, ತುಸು ತಡವಾಗಿ, ತುಸು ದಪ್ಪವಾಗಿ. ಸುಟ್ಟಾಕಿ ನಾನು. ಅದು ತನ್ನ ಧ್ವನಿ ಎಂದು ಅವಳಿಗೆ ಗುರುತು ಸಿಗಲಿಲ್ಲ. ಹಂಪೇಶ ಫೋನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಫೋನನ್ನು ನೋಡಿದ. ಅರುಣಕುಮಾರ್ ಸಣ್ಣಗೆ ‘ಯವ್ವಾ’ ಎಂದ. ಬಾಗಿಲಲ್ಲಿ ಯೂನಿಫಾರ್ಮುಗಳು ಫ್ಯಾನಿನ ಗಾಳಿಗೆ ತೋಳು ಎತ್ತಿ ಇಳಿಸುತ್ತಿದ್ದವು.

ಪ್ರವೀಣ ಅಂಗಿಯನ್ನು ಅರುಣಕುಮಾರನ ಕೈಯಿಂದ ಬಿಡಿಸಿಕೊಂಡ. ಸುಟ್ಟ ತೋಳನ್ನು ಒಳಗೆ ಸೇರಿಸಿ, ಕಾಲರ್ ಮೇಲೆ ಬರುವಂತೆ, ನಿಧಾನಕ್ಕೆ ಮಡಚಿದ. ಕೂಗಾಡುತ್ತಾನೆ ಎಂದು ಅವಳು ಕಾದಳು. ಕೂಗಾಡಿದ್ದರೆ ತಲೆ ತಗ್ಗಿಸಬಹುದಿತ್ತು. ಅವನು ಫೋನಿನ ಕಡೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. ಗುಂಪಿನಲ್ಲಿ ಹೊನ್ನೂರಸ್ವಾಮಿಗೆ ಬರೆಯುತ್ತಿದ್ದಾಗ ಕೊಡುತ್ತಿದ್ದ ಮರ್ಯಾದೆಯಲ್ಲೇ ಮಾತಾಡಿದ.

‘ನಮ್ಮನಿ ಗ್ವಾಡಿ ಮ್ಯಾಲೆ ಒಂದ ಫೋಟೊ ಐತ್ರಿ,’ ಎಂದ. ‘ಅದರಾಗ ಅಪ್ಪ ಇದ ಅಂಗಿ ಹಾಕ್ಯಾನ.’

ಕೈಯಲ್ಲಿ ಅಂಗಿ ಹಿಡಿದು ಅವನು ಅಲ್ಲೇ ನಿಂತಿದ್ದ. ಹಂಪೇಶನ ಅಂಗೈಯ ಮೇಲೆ ಕರೆ ಇನ್ನೂ ಚಾಲೂ ಇತ್ತು. ಅವಳು ಉಸಿರು ಎಳೆದುಕೊಂಡದ್ದು ಅದರಲ್ಲೂ ಕೇಳಿಸಿತು, ಅಂಗಡಿಗೆಲ್ಲ.